ಅಂಬೂಬಾಯಿಯ ಮನೆಯಲ್ಲಿ ಹೊಗೆ ಏಳಲಿಲ್ಲ

ಹಲಬರ್ಗಾದಲ್ಲಿ ಗೋರಖನಾಥನ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ನಳಕ್ಕೆ ನೀರು ಬಂದ ದಿನ ಅವನಂಥ ಮನುಷ್ಯ ಭಾಲ್ಕಿ ತಾಲೂಕಿನಲ್ಲಿಯೇ ಇಲ್ಲ. ಬಾರದ ದಿನ ಜನ ಆಡುತ್ತಿದ್ದ ಮಾತುಗಳನ್ನು ಅಚ್ಚು ಹಾಕಿಸುವಂತಿಲ್ಲ. ಪಂಚಾಯಿತಿಯ ನೀರು ಬಿಡುವ ಕೆಲಸ ಅವನದು. ಮೇಲಿನ ಓಣಿಯ ನೀರನ್ನು ಕೆಳಗಿನ ಓಣಿಗೆ ಬಿಡುವುದು, ತಪ್ಪು ಗೊತ್ತಾದ ಕೂಡಲೇ ಓಡಿಹೋಗಿ ಎರಡೂ ವಾಲ್ ಬಂದ್ ಮಾಡಿ ಇಡೀ ಊರನ್ನು ಒಣಗಿಸುವುದು, ಆಮೇಲೆ "ಯಾರಿಗೂ ಅನ್ಯಾಯ ಆಗಬಾರದು ನೋಡ್ರಿ" ಎಂದು ಸಮಜಾಯಿಷಿ ಕೊಡುವುದು ಅವನ ಆಡಳಿತದ ರೀತಿ. ವಾಲ್ ತಿರುವುವ ಎರಡು ಚಕ್ರಗಳಲ್ಲಿ ಯಾವುದು ಯಾವ ಓಣಿಯದು ಎಂಬುದು ಇಷ್ಟು ವರ್ಷವಾದರೂ ಅವನ ತಲೆಗೆ ಹತ್ತಿರಲಿಲ್ಲ. ಆದರೆ ಮನುಷ್ಯ ಒಳ್ಳೆಯವನು. ತಾಯಿ ಎಂದರಂತೂ ಅವನಿಗೆ ಜೀವ.

ತಾಯಿ ಅಂಬೂಬಾಯಿ ಸಾಮಾನ್ಯ ಹೆಂಗಸಲ್ಲ. ಸಾವಿನ ಮನೆಯಲ್ಲಿ ಹಾಡಿ ಅಳುವುದರಲ್ಲಿ ಅವಳ ಹೆಸರು ಖಟಕ ಚಿಂಚೋಳಿಯ ತನಕ ಹೋಗಿತ್ತು. ಬದುಕಿದ್ದಾಗ ಯಾರ ಕಣ್ಣಿಗೂ ಬೀಳದ ಗುಣಗಳನ್ನು ಹುಡುಕಿ ತೆಗೆದು, ಒಂದೊಂದನ್ನೂ ಎಳೆದು ಹಾಡಿ, ಸತ್ತವರನ್ನು ಸನ್ಮಾನ ಮಾಡಿ ಕಳಿಸುತ್ತಿದ್ದಳು. ಈಚಿನ ವರ್ಷಗಳಲ್ಲಿ ಮಾತ್ರ ಕೆಮ್ಮು ಅಡ್ಡ ಬರತೊಡಗಿತ್ತು. ಒಂದು ಗುಣ ಹೇಳಿ ಮುಗಿಸುವುದರೊಳಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹೀಗಾಗಿ ಹಲಬರ್ಗಾದ ಅನೇಕರು ಅರ್ಧ ಹೊಗಳಿಕೆಯಲ್ಲಿಯೇ ಲೋಕ ಬಿಡಬೇಕಾಯಿತು.

ಕೆಮ್ಮಿನ ಮೂಲ ಅಡುಗೆಮನೆಯಲ್ಲಿತ್ತು. ಅಂಬೂಬಾಯಿ ಮದುವೆಯಾಗಿ ಬಂದ ಹೊಸದರಲ್ಲಿ ತನ್ನ ಕೈಯಾರೆ ಕಟ್ಟಿದ ಮಣ್ಣಿನ ಒಲೆ ಅದು. ಬೆಳಗಾಗುವ ಮೊದಲು ಸೊಸೆ ಶೇವಂತಾಬಾಯಿ ಒಲೆ ಹಚ್ಚುತ್ತಿದ್ದಳು. ತಗಡಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಹೊಗೆಯ ಹಿಂದೆಯೇ ಅಂಬೂಬಾಯಿಯ ಕೆಮ್ಮು ಏಳುತ್ತಿತ್ತು. ಕೆಮ್ಮಿನ ಹಿಂದೆ ಇಡೀ ಓಣಿ ಏಳುತ್ತಿತ್ತು. ಓಣಿಯವರು ಮೊಬೈಲಿನ ಅಲಾರಾಂ ಇಡುವುದನ್ನೇ ಬಿಟ್ಟಿದ್ದರು. ಗ್ಯಾಸ್ ಸಿಲಿಂಡರ್ ಮನೆಯಲ್ಲಿ ಇರಲಿಲ್ಲವೆಂದಲ್ಲ. ಅದು ಕಸೂತಿ ಹಾಕಿದ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿತ್ತು, ಬೀಗರು ಬಂದಾಗ ಚಹಾ ಮಾಡಲು. "ಗ್ಯಾಸಿನ ರೊಟ್ಟಿ ಹೊಟ್ಟ್ಯಾಗ ನಿಂದ್ರಂಗಿಲ್ಲ" ಎಂಬುದು ಅಂಬೂಬಾಯಿಯ ತೀರ್ಪಾಗಿತ್ತು. ಒಲೆಯ ಬಿಸಿ ಬೂದಿಯಲ್ಲಿ ಮೊಟ್ಟೆ ಇಡಬೇಕೆಂದು ಹೊಂಚು ಹಾಕುತ್ತಿದ್ದ ಮನೆಯ ಕೆಂಪು ಕೋಳಿಯನ್ನು ದಿನವೂ ಓಡಿಸುವುದು, ಕೆಮ್ಮುವುದು, ಮತ್ತೆ ಓಡಿಸುವುದು ಅವಳ ದಿನಚರಿ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಏರಿ, ಉಸಿರು ಹಿಡಿದು, ಅವಳನ್ನು ಬೀದರಿಗೆ ಒಯ್ಯಬೇಕಾಯಿತು. ಅಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೊಮ್ಮಗಳು ಆಮ್ರಪಾಲಿ ಅಜ್ಜಿಯನ್ನು ದೊಡ್ಡ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, "ಅಜ್ಜಿ, ಎಷ್ಟು ವರ್ಷದಿಂದ ಬೀಡಿ ಸೇದ್ತೀರಿ?" ಎಂದರು.

"ಬೀಡಿ ಸೇದಾಕಿ ನಿನ್ನ ಅತ್ತಿ ಇರಬೇಕು!" ಎಂದು ಅಂಬೂಬಾಯಿ ಎದ್ದು ನಿಂತಳು. ಅಷ್ಟಕ್ಕೇ ಕೆಮ್ಮು ಬಂದು ಮತ್ತೆ ಕುಳಿತಳು.

ಡಾಕ್ಟರು ಸಿಟ್ಟು ಮಾಡಲಿಲ್ಲ. ಗೋರಖನಾಥನ ಕಡೆ ತಿರುಗಿ, "ಹಂಗಾದ್ರ ಇವರು ಒಲಿ ಸೇದ್ಯಾರ. ಇಲ್ಲಿ ಹೊಗಿ ಇಲ್ಲದ ಕಡೆ ಇಟ್ಟು ಆರಾಮ ಮಾಡಿ ಕಳಸ್ತೇನಿ. ಮತ್ತ ಒಯ್ದು ಅದೇ ಹೊಗ್ಯಾಗ ಕೂಡ್ಸಿದ್ರಿ ಅಂದ್ರ, ಮುಂದಿನ ಸಲ ನನ್ನ ಬಲ್ಲಿ ತರೂದ ಬ್ಯಾಡ" ಎಂದರು. ಗೋರಖನಾಥ ಆಸ್ಪತ್ರೆಯ ವರಾಂಡದಲ್ಲಿ ನಿಂತು ಅತ್ತುಬಿಟ್ಟ. ನಾಚಿಕೆಯಿಲ್ಲದೆ ಅತ್ತ. ತನ್ನ ರೊಟ್ಟಿಗಾಗಿ ತಾಯಿ ಇಷ್ಟು ವರ್ಷ ಹೊಗೆ ಕುಡಿದಳು ಎಂಬುದು ಅವನಿಗೆ ಆ ಹೊತ್ತಿನವರೆಗೆ ಹೊಳೆದೇ ಇರಲಿಲ್ಲ.

ಅಜ್ಜಿ ಆಸ್ಪತ್ರೆಯಲ್ಲಿ ಆರಾಮಾಗುವಷ್ಟರಲ್ಲಿ ಆಮ್ರಪಾಲಿ ಒಂದು ಹೊಸ ಒಲೆ ಹುಡುಕಿದಳು. ಉಕ್ಕಿನ ಡಬ್ಬಿಯಂಥದು, ಹೊಟ್ಟೆಯೊಳಗೆ ಪುಟ್ಟ ಫ್ಯಾನು. ಅದೇ ತೊಗರಿ ಕಟ್ಟಿಗೆಯನ್ನು ಸಣ್ಣಗೆ ಮುರಿದು ಹಾಕಿದರೆ ನೀಲಿ ಬೆಂಕಿ, ಹೊಗೆ ಇಲ್ಲ. ಅಂಬೂಬಾಯಿ ಅದನ್ನು ಬೆರಳಿನಿಂದ ಬಡಿದು ನೋಡಿದಳು.

"ಒಂದ ದಿನ ನೋಡ್ತೇನಿ. ರೊಟ್ಟಿ ಉಬ್ಬಲಿಲ್ಲ ಅಂದ್ರ ನನ್ನ ಒಲಿ ನನಗ. ಅದು ನಾ ಕಟ್ಟಿದ್ದು."

ಇಲ್ಲಿಗೆ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಗೋರಖನಾಥನ ತಲೆಯಲ್ಲಿ ಒಂದು ಆಸೆ ಮೊಳೆಯಿತು. ಹಲಬರ್ಗಾದ ಮೊದಲ ಹೊಗೆಯಿಲ್ಲದ ಮನೆ ತನ್ನದು! ಇದನ್ನು ಸುಮ್ಮನೆ ಹಚ್ಚಿಬಿಡುವುದೇ? ಉದ್ಘಾಟನೆ ಆಗಬೇಕು, ರಿಬ್ಬನ್ ಕತ್ತರಿಸಬೇಕು, ಪೇಪರಿನಲ್ಲಿ ಫೋಟೋ ಬರಬೇಕು. ಅಲ್ಲಿಯವರೆಗೆ ಗುಟ್ಟಾಗಿರಬೇಕು. ಬೀದರಿನ ಬಜಾರಿನಲ್ಲಿ ಚೆಂಡುಹೂವು, ಊದಿನಕಡ್ಡಿ, ಬುದ್ಧ ವಂದನೆಯ ಹೊತ್ತಿಗೆ ತಾಯಿ ಉಡಲೆಂದು ಒಂದು ಬಿಳಿ ಸೀರೆ, ಒಲೆಗೆ ಮುಸುಕು ಹಾಕಲು ಬಿಳಿ ಬಟ್ಟೆ ಕೊಂಡ. ಪಂಚಾಯಿತಿ ಅಧ್ಯಕ್ಷ ಶಿವರಾಜನಿಗೆ ಫೋನು ಮಾಡಿದ.

"ಸಾಹೇಬ್ರ, ಜೈ ಭೀಮ. ನಾಳಿ ಮುಂಜಾನಿ ನಮ್ಮ ಮನಿಗಿ ಬರಬೇಕ್ರಿ. ಒಂದ ಹಾರ ತರ್ರಿ. ಎರಡ ಮಾತ ಆಡಬೇಕಾಗ್ತದ."

"ಯಾಕೋ ಗೋರಖನಾಥ? ಏನಾತು?"

"ಈಗ ಕೇಳಬ್ಯಾಡ್ರಿ ಸಾಹೇಬ್ರ, ನನ್ನ ಬಾಯಿಲಿಂದ ಹೇಳ್ಲಾಕ ಆಗವಲ್ದು." ಸಂತೋಷ ತಡೆಯಲಾರದೆ ಅವನು ಫೋನು ಇಟ್ಟುಬಿಟ್ಟ.

ಆ ಸಂಜೆ ಓಣಿಯ ಮೂಲೆಯಲ್ಲಿ ಬಾಬುಮಿಯಾ ತನ್ನ ಚಹಾದ ಹೋಟೆಲಿನಿಂದ ಕಂಡದ್ದು ಇಷ್ಟು. ಬೀದರಿನ ಆಟೋ ಬಂತು. ಮಾತ್ರೆಯ ಅಮಲಿನಲ್ಲಿ ನಿದ್ದೆ ಹೋಗಿದ್ದ ಅಂಬೂಬಾಯಿಯನ್ನು ಗೋರಖನಾಥ, ಆಮ್ರಪಾಲಿ ಇಬ್ಬರೂ ಎತ್ತಿಕೊಂಡು ಒಳಗೆ ಒಯ್ದರು. ಹಿಂದಿನಿಂದ ಬಿಳಿ ಬಟ್ಟೆ ಸುತ್ತಿದ ಒಂದು ಗಂಟು ಹೋಯಿತು. ಹೂವು ಹೋಯಿತು. ಊದಿನಕಡ್ಡಿ ಹೋಯಿತು. ಸ್ವಲ್ಪ ಹೊತ್ತಿಗೆ ಆಮ್ರಪಾಲಿ ಕಣ್ಣಿನ ಧೂಳು ಒರೆಸಿಕೊಳ್ಳುತ್ತ ಅದೇ ಆಟೋದಲ್ಲಿ ವಾಪಸು ಹೋದಳು. ಬಾಗಿಲು ಮುಚ್ಚಿತು. ಬಾಬುಮಿಯಾನ ಚಹಾ ಉಕ್ಕಿ ಒಲೆ ಆರಿತು.

"ಯಾ ಅಲ್ಲಾ! ಗೋರಖನಾಥನ ಆಯಿ ಹೋದಳು ಕಾಣಸ್ತದ" ಎಂದ, ಹಾಲು ತರಲು ಬಂದಿದ್ದ, ಅಂಬೂಬಾಯಿಯ ಪಕ್ಕದ ಮನೆಯ ಕಾಶಾಬಾಯಿಗೆ.

"ಹೋದ್ರ ಅಳೂದ ಕೇಳಬೇಕಲ್ಲೋ?"

"ದುಃಖ ಭಾಳ ಆದ್ರ ಧ್ವನಿ ಬರಂಗಿಲ್ಲ, ಬಾಯಿ."

ಕಾಶಾಬಾಯಿ ಅನುಭವಸ್ಥೆ. ಅವಸರ ಮಾಡಲಿಲ್ಲ. "ಮುಂಜಾನಿ ಹೊಗಿ ನೋಡೂಣು" ಎಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ನೆರೆಯವರು, ನೆಂಟರು ರೊಟ್ಟಿ ತಂದು ಉಣಿಸುತ್ತಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಆ ಓಣಿಗೆ ಬೇಕಾಗಿರಲಿಲ್ಲ.

ಬೆಳಗಾಯಿತು. ಒಳಗೆ ಗೋರಖನಾಥ ಅಡುಗೆಮನೆಯ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿ, ಅಧ್ಯಕ್ಷರು ಬರುವ ತನಕ ಯಾರೂ ದಾಟಬಾರದೆಂದು ಕಾವಲು ನಿಂತಿದ್ದ. ಶೇವಂತಾಬಾಯಿ ರಿಬ್ಬನ್ನಿನ ಕೆಳಗಿನಿಂದ ಬಗ್ಗಿ ಒಳಗೆ ಹೋದಳು.

"ಅಯ್ಯ, ಉದ್ಘಾಟನಿ ಆಗಿಲ್ಲ!"

"ಅಧ್ಯಕ್ಷರು ಬರೂತನಕ ಅತ್ತಿ ಉಪಾಸ ಇರಬೇಕೇನ್ರಿ? ನಿಮ್ಮ ರಿಬ್ಬನ್ ಹಂಗೇ ಅದ, ನಾ ಮುಟ್ಟಿಲ್ಲ."

ಅವಳು ಮುಸುಕು ತೆಗೆದು, ಕಟ್ಟಿಗೆ ಮುರಿದು ಹಾಕಿ, ಕಡ್ಡಿ ಗೀರಿ ಹಚ್ಚಿಯೇಬಿಟ್ಟಳು. ಫ್ಯಾನು ಗುಂಯ್ ಎಂದಿತು. ನೀಲಿ ಬೆಂಕಿ ಎದ್ದಿತು. ಹಂಚು ಕಾಯಿತು, ರೊಟ್ಟಿ ಬಿತ್ತು. ಶೇವಂತಾಬಾಯಿ ಕಣ್ಣು ಒರೆಸಿಕೊಳ್ಳಲು ಅಭ್ಯಾಸಬಲದಿಂದ ಸೆರಗು ಎತ್ತಿದಳು. ಒರೆಸಲು ಏನೂ ಇರಲಿಲ್ಲ. ಸೆರಗು ಕೈಯಲ್ಲಿಯೇ ಹಿಡಿದು ನಕ್ಕಳು. ಆ ನಗುವನ್ನೂ ಆ ಬೆಂಕಿಯನ್ನೂ ನೋಡುತ್ತ ಗೋರಖನಾಥ ಮೈಮರೆತ. ಊರಿಗೆ ನೀರು ಬಿಡುವ ಹೊತ್ತು ಮೀರಿದ್ದು ಅವನಿಗೆ ನೆನಪಾಗಲಿಲ್ಲ. ಒಳಕೋಣೆಯಲ್ಲಿ ಅಂಬೂಬಾಯಿ ಹೊರಳಿ ಮಲಗಿದಳು. ಎಬ್ಬಿಸಲು ಹೊಗೆ ಬರಲಿಲ್ಲ, ಹೀಗಾಗಿ ಕೆಮ್ಮೂ ಬರಲಿಲ್ಲ.

ಹೊರಗೆ ಓಣಿ ತಗಡಿನ ಸಂದಿ ನೋಡುತ್ತ ನಿಂತಿತ್ತು. ಹೊಗೆ ಇಲ್ಲ. ಕೆಮ್ಮು ಇಲ್ಲ. ನಳದಲ್ಲಿ ನೀರಿಲ್ಲ.

"ನೀರೂ ಬಿಟ್ಟಿಲ್ಲ ಅಂದ್ರ ಮುಗೀತು" ಎಂದಳು ಕಾಶಾಬಾಯಿ, ಸೆರಗು ತಲೆಯ ಮೇಲೆ ಎಳೆದುಕೊಂಡು. "ಪಾಪ, ಯಾವ ಮನಸ್ಸಿಲಿಂದ ಬಿಡ್ತಾನ?"

ಗೋರಖನಾಥ ನೀರು ಬಿಡದ ದಿನ ಊರು ಅವನ ಮೇಲೆ ಕನಿಕರಪಟ್ಟದ್ದು ಅದೇ ಮೊದಲು. ಬಾಬುಮಿಯಾ ಔರಾದಿನಲ್ಲಿರುವ ಅಂಬೂಬಾಯಿಯ ಮಗಳು ಮಹಾಮಾಯಾಗೆ ಫೋನು ಹಚ್ಚಿ, "ಬೇಟಿ, ಗಾಬರಿ ಆಗಬ್ಯಾಡ" ಎಂದ. ಮುಂದಿನದನ್ನು ಕೇಳುವ ಮೊದಲೇ ಅವಳು ಗಾಬರಿಯಾದಳು. ಖಟಕ ಚಿಂಚೋಳಿಯ ನೆಂಟರಿಗೂ ಸುದ್ದಿ ಹೋಯಿತು. ಇತ್ತ ಪ್ರತಿ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು. ಒಂದು ಮಾತು ಹೇಳಲೇಬೇಕು: ಆ ಓಣಿ ಜಗಳದಲ್ಲಿ ಎಷ್ಟು ಚುರುಕೋ ಇದರಲ್ಲಿ ಅದಕ್ಕಿಂತ ಚುರುಕು. ಗೋಡೆಯ ಜಾಗಕ್ಕಾಗಿ ಗೋರಖನಾಥನೊಡನೆ ಮಾತು ಬಿಟ್ಟಿದ್ದವರೂ ರೊಟ್ಟಿಗೆ ನೆಂಚಲು ಝುಣಕ ಮಾಡಿಕೊಂಡು ಹೊರಟಿದ್ದರು.

ಬಾಗಿಲು ತೆರೆದ ಗೋರಖನಾಥನಿಗೆ ಕಂಡದ್ದು ಅಂಗಳ ತುಂಬ ಜನ, ಕೈಯಲ್ಲಿ ರೊಟ್ಟಿಯ ಬುಟ್ಟಿ. ಅಧ್ಯಕ್ಷರು ಗುಟ್ಟು ಬಿಟ್ಟುಕೊಟ್ಟಿದ್ದಾರೆ ಎಂದುಕೊಂಡ.

"ಬರ್ರಿ, ಬರ್ರಿ! ನಾ ಯಾರಿಗೂ ಹೇಳಿರಲಿಲ್ಲ. ನಿಮಗ ಹ್ಯಾಂಗ ತಿಳೀತು?"

"ಹೇಳಬೇಕೇನು ಭಾಯಿ?" ಬಾಬುಮಿಯಾ ಅವನನ್ನು ತಬ್ಬಿಕೊಂಡ. "ಹೊಗಿ ಏಳಲಿಲ್ಲ. ತಿಳೀತು."

"ನೋಡಿದ್ರ್ಯಾ!" ಗೋರಖನಾಥ ಚಪ್ಪಾಳೆ ತಟ್ಟಿದ. "ಒಂದ ಎಳಿ ಹೊಗಿ ಇಲ್ಲ!"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರು ಅಂಗಳದಲ್ಲಿ ಕುಳಿತು, ಸೆರಗು ಮುಖದ ಮೇಲೆ ಎಳೆದುಕೊಂಡು ಅಳಲು ಶುರು ಮಾಡಿದರು. ಗೋರಖನಾಥ ಕಾಶಾಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸಮಾಧಾನ ಹೇಳಿದ: "ಅಳಬ್ಯಾಡಬೇ ಕಾಶಾಬಾಯಿ. ಇವತ್ತ ನಮ್ಮ ಮನಿಗಿ ಬಂದದ, ನಾಳಿ ನಿಮ್ಮ ಮನಿಗೂ ಬರ್ತದ. ನಾ ಖುದ್ದ ನಿಂತು ಮಾಡಸ್ತೇನಿ."

"ನನ್ನ ಮನಿಗಿ ಯಾಕೋ ಭಾಡ್ಯಾ!" ಕಾಶಾಬಾಯಿ ಕಿರುಚಿದಳು. "ತಲಿ ಕೆಟ್ಟದ ಇವಂದು! ತಲಿ ಮ್ಯಾಲ ನೀರ ಹಾಕ್ರಿ!"

ಹಾಕಲು ನೀರಿರಲಿಲ್ಲ. ಇಬ್ಬರು ಗಂಡಸರು ಅವನ ತೋಳು ಹಿಡಿದರು. ಅಷ್ಟರಲ್ಲಿ ಶಿವರಾಜ ಹಾರ ಹಿಡಿದು ಬಂದ. ದಾರಿಯಲ್ಲಿಯೇ ಸಾಲೆಯ ಹೆಡ್‌ಮಾಸ್ತರರಿಗೆ ರಜೆ ಕೊಡಲು ಫೋನು ಮಾಡಿದ್ದರಿಂದ, ಈ ದುಃಖದ ನಡುವೆ ಸಾಲೆಯ ಕಡೆಯಿಂದ ಮಕ್ಕಳ 'ಹೋ' ಎಂಬ ಹರ್ಷೋದ್ಗಾರ ಕೇಳಿಬಂತು.

"ಗೋರಖನಾಥ, ಎಲ್ಲಿ ಇಟ್ಟೀಪಾ?" ಎಂದು ಶಿವರಾಜ ಮೆತ್ತಗೆ ಕೇಳಿದ.

"ಅಡಗಿಮನ್ಯಾಗ ಇಟ್ಟೇನ್ರಿ ಸಾಹೇಬ್ರ. ರಿಬ್ಬನ್ ಕಟ್ಟೇನಿ. ನೀವ ಕತ್ತರಸಬೇಕು."

ತೋಳು ಹಿಡಿದವರು ಇನ್ನಷ್ಟು ಗಟ್ಟಿ ಹಿಡಿದರು. ಶಿವರಾಜ ಒಂದು ಹೆಜ್ಜೆ ಹಿಂದೆ ಸರಿದು, ಅಂಗಳದಲ್ಲಿಯೇ ಮಾತು ಶುರು ಮಾಡುವುದು ಕ್ಷೇಮವೆಂದು ತಿಳಿದ. "ಅಂಬೂಬಾಯಿ ಬರೇ ಗೋರಖನಾಥನ ತಾಯಿ ಅಲ್ಲ, ಈ ಊರಿನ ತಾಯಿ. ನನ್ನ ಅಪ್ಪ ಹೋದಾಗ ಅಕೀ ಹಾಡಿದ್ದ ಕೇಳಿನೇ ನನಗ ತಿಳೀತು, ನಮ್ಮಪ್ಪ ಅಷ್ಟ ಛೊಲೋ ಮನಷ್ಯಾ ಇದ್ದ ಅಂತ…" ಅವನ ಧ್ವನಿ ನಡುಗಿತು. ಅದು ಭಾಷಣದ ನಡುಕವಲ್ಲ, ನಿಜದ್ದು. ಅಂಗಳದಲ್ಲಿ ಅಳು ಏರಿತು.

ಆ ಅಳುವಿಗೆ ಅಂಬೂಬಾಯಿಗೆ ಎಚ್ಚರವಾಯಿತು. ಎದ್ದು ಹಿತ್ತಲ ಕಡೆಯಿಂದ ಸುತ್ತಿ ಬಂದು ನೋಡಿದರೆ ತನ್ನ ಅಂಗಳದಲ್ಲಿಯೇ ಸಾವಿನ ಸಭೆ. ತಾನು ಬೀದರಿನಲ್ಲಿದ್ದಾಗ ಓಣಿಯಲ್ಲಿ ಯಾರೋ ಹೋಗಿದ್ದಾರೆ, ತನಗಾಗಿ ಕಾಯುತ್ತಿದ್ದಾರೆ. ಕರ್ತವ್ಯ ಅವಳಿಗೆ ಹೊಸದಲ್ಲ. ಸುಮ್ಮನೆ ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತು, ಸೆರಗು ಮುಖಕ್ಕೆ ಎಳೆದುಕೊಂಡು, ಧ್ವನಿ ಎತ್ತಿದಳು.

"ಎವ್ವಾ… ಹೋದೆಲ್ಲೇ ನನ್ನವ್ವಾ… ಓಣೀನ ಬಿಟ್ಟು ಹೋದೆಲ್ಲೇ… ಹಸದ ಬಂದವರಿಗಿ ಉಣಿಸಿದಾಕಿ… ಬಂದವರ್ನ ಬಾ ಅಂದಾಕಿ… ಎಲ್ಲಿ ಹೋದೆಲ್ಲೇ ನನ್ನವ್ವಾ…"

ಏಳುತ್ತ ಹೋಯಿತು ಆ ಧ್ವನಿ. ಎಲ್ಲಿಯೂ ತುಂಡಾಗಲಿಲ್ಲ, ಎಲ್ಲಿಯೂ ಎಡವಲಿಲ್ಲ. ಒಂದೇ ಉಸಿರಿನಲ್ಲಿ ಮೇಲಕ್ಕೆ ಹೋಗಿ ಅಲ್ಲಿಯೇ ನಿಂತು ಮೆಲ್ಲಗೆ ಇಳಿಯಿತು. ಉಳಿದವರು ಅಳುವುದನ್ನು ಬಿಟ್ಟು ಕೇಳತೊಡಗಿದರು. ಅಂಥ ಹಾಡು ಆ ಊರು ಕೇಳಿ ಎಷ್ಟೋ ವರ್ಷವಾಗಿತ್ತು. ಚರಣ ಮುಗಿಸಿ, ಮುಂದಿನ ಗುಣ ಹೇಳಲು ಹೆಸರು ಬೇಕಾಗಿ, ಅಂಬೂಬಾಯಿ ಪಕ್ಕದ ಕಾಶಾಬಾಯಿಯನ್ನು ಮೊಣಕೈಯಿಂದ ತಿವಿದಳು.

"ಯಾರವ್ವಾ ಹೋದವರು?"

"ನಮ್ಮ ಅಂಬೂಬಾಯಿ ಹೋದಳವ್ವಾ" ಎಂದಳು ಕಾಶಾಬಾಯಿ ಸೆರಗಿನೊಳಗಿಂದ.

"ಅಯ್ಯೋ ಪಾಪ! ಛೊಲೋ ಹೆಣ್ಣಮಗಳಿದ್ದಳು…" ಎಂದು ಅಂಬೂಬಾಯಿ ಮತ್ತೆ ಧ್ವನಿ ಎತ್ತಿ, ಅರ್ಧಕ್ಕೆ ನಿಲ್ಲಿಸಿ, ಸೆರಗು ಸರಿಸಿದಳು. "ಯಾವ ಅಂಬೂಬಾಯಿ?"

ಕಾಶಾಬಾಯಿಯೂ ಸೆರಗು ಸರಿಸಿದಳು. ಮುಂದೆ ಏನಾಯಿತೆಂಬುದರ ಬಗ್ಗೆ ಹಲಬರ್ಗಾದಲ್ಲಿ ಇಂದಿಗೂ ಒಮ್ಮತವಿಲ್ಲ. ಕಾಶಾಬಾಯಿ ಕುಳಿತಲ್ಲಿಂದಲೇ ಗೋಡೆ ಹಾರಿದಳು ಎನ್ನುವವರಿದ್ದಾರೆ. ಬಾಬುಮಿಯಾ ತನಗೆ ಬರುವ ಪ್ರಾರ್ಥನೆಗಳನ್ನೆಲ್ಲ ಒಟ್ಟಿಗೆ ಹೇಳಿದ. ಶಿವರಾಜ ತನ್ನ ಕೈಯ ಹಾರವನ್ನು ತಾನೇ ಹಾಕಿಕೊಂಡ. ಇದ್ದ ಗಲಾಟೆ ಸಾಲದೆಂಬಂತೆ ಔರಾದಿನ ಟೆಂಪೋ ಬಂದು ನಿಂತಿತು; ಮಹಾಮಾಯಾ "ಆಯೀ!" ಎಂದು ಓಡಿ ಬಂದು ತಾಯಿಯ ಎದೆಯ ಮೇಲೆಯೇ ಬಿದ್ದಳು. ಆ ಎದೆ ಏರಿ ಇಳಿಯುವುದು ತಿಳಿದು, ತಲೆ ಎತ್ತಿ ತಾಯಿಯ ಮುಖ ನೋಡಿ, ಆಮೇಲೆ ಅಣ್ಣನ ಕಡೆ ತಿರುಗಿದಳು.

"ದಾದಾ, ನಿನಗ ಬುದ್ಧಿ ಅದ ಏನು?"

ಗೋರಖನಾಥ ಒಲೆಯ ಕಥೆಯನ್ನೆಲ್ಲ ಹೇಳಿದ. ಬಿಳಿ ಬಟ್ಟೆ, ಹೂವು, ಗುಟ್ಟು ಎಲ್ಲ ಹೊರಬಿತ್ತು. ಜನ ನಗಬೇಕೋ ಹೊಡೆಯಬೇಕೋ ತಿಳಿಯದೆ ನಿಂತಿರುವಾಗ ಶಿವರಾಜ ಆಡಳಿತಗಾರನಂತೆ ಎಚ್ಚೆತ್ತ. "ಖಟಕ ಚಿಂಚೋಳಿಯವರು ಹೊರಟಾರ! ಕೆಳಗಿನ ಓಣಿಯವರೂ ಬರಲತ್ತಾರ! ಮೊದಲ ಆ ಹಳಿ ಒಲಿ ಹಚ್ಚು, ಹಸಿ ಕಟ್ಟಿಗಿ ಹಾಕಿ ದಟ್ಟ ಹೊಗಿ ಬಿಡು. ಹೊಗಿ ನೋಡಿದ್ರ ಎಲ್ಲಾರಿಗೂ ತಿಳೀತದ, ವಾಪಸ ಹೋಗ್ತಾರ."

"ಹೌದು, ಹಚ್ಚು ಹಚ್ಚು" ಎಂದಿತು ಅಂಗಳ. ಯಾರು ಏನು ಹೇಳಿದರೂ ಅದೇ ಸರಿಯೆನಿಸುವ ಗೋರಖನಾಥ ಕಡ್ಡಿಪೆಟ್ಟಿಗೆ ಹಿಡಿದು, ರಿಬ್ಬನ್ನಿನ ಕೆಳಗೆ ನುಸುಳಿ, ಹಳೆಯ ಒಲೆಯ ಮುಂದೆ ಕುಳಿತ. ಆದರೆ ಅವನ ಕೈ ಕಡ್ಡಿ ಗೀರಲಿಲ್ಲ. ಡಾಕ್ಟರರ ಮಾತು ಕಿವಿಯಲ್ಲಿತ್ತು. ಬಾಗಿಲಲ್ಲಿ ತಲೆಗಳು ತುಂಬಿದ್ದವು, "ಲಗೂ ಮಾಡೋ" ಎನ್ನುತ್ತಿದ್ದವು. ಅವನು ತಾಯಿಯ ಮುಖ ನೋಡಿದ.

ಅಂಬೂಬಾಯಿ ನಡುವೆ ಬಂದು ಕುಳಿತಳು. ಶೇವಂತಾಬಾಯಿ ಇಷ್ಟೆಲ್ಲ ಗದ್ದಲದ ನಡುವೆಯೂ ಕೈ ಬಿಡದೆ ಬಡಿಯುತ್ತಿದ್ದ ರೊಟ್ಟಿಗಳಲ್ಲಿ ಒಂದನ್ನು ಎತ್ತಿಕೊಂಡಳು. ಬೆರಳಿನಿಂದ ಒತ್ತಿದಳು. ಪದರ ಬಿಡಿಸಿದಳು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಇಡೀ ಓಣಿ ಅವಳ ದವಡೆಯನ್ನೇ ನೋಡುತ್ತಿತ್ತು.

"ಉಬ್ಬ್ಯಾದ" ಎಂದಳು.

ಆಮೇಲೆ ಸೊಸೆ ಮೆಲ್ಲಗೆ ಕೇಳಿದಳು: "ಅತ್ತೀ, ನೀವ ಹಾಡಿದ್ರಲ್ಲ. ಕೆಮ್ಮು ಎಲ್ಲಿ ಹೋತು?"

ಅಂಬೂಬಾಯಿ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು, ಕಳೆದುಹೋದದ್ದನ್ನು ಹುಡುಕುವವಳ ಹಾಗೆ. ತಡಕಾಡಿದರೂ ಸಿಗಲಿಲ್ಲ. ಕಣ್ಣು ತುಂಬಿ ಬಂದವು, ಹೊಗೆ ಇಲ್ಲದೆಯೇ. ಮಗನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿತ್ತಲಿಗೆ ಹೋಗಿ ಕೆಂಪು ಕೋಳಿಯನ್ನು ಹಿಡಿದು ತಂದು, ತಾನು ಕಟ್ಟಿದ ಒಲೆಯ ಬೂದಿಯಲ್ಲಿ ತನ್ನ ಕೈಯಾರೆ ಕೂಡಿಸಿದಳು.

"ಇಷ್ಟ ವರ್ಷ ಇದರ ಬಾಯಾಗ ನಾ ಊದಿದೆ. ಇನ್ನ ನೀ ಕೂಡವ್ವಾ."

ಕೋಳಿಗೆ ನಂಬಿಕೆ ಬರಲಿಲ್ಲ. ಓಡಿಸುವ ಕೈಗಾಗಿ ಸ್ವಲ್ಪ ಹೊತ್ತು ಕಾದು, ಬರದಿದ್ದಾಗ ರೆಕ್ಕೆ ಅಗಲಿಸಿ ಕುಳಿತಿತು. ಶಿವರಾಜ ರಿಬ್ಬನ್ ಕತ್ತರಿಸಿದ. ಹಾರ ಅಂಬೂಬಾಯಿಯ ಕೊರಳಿಗೆ ಬಿತ್ತು. ಖಟಕ ಚಿಂಚೋಳಿಯವರು ಅಳುತ್ತ ಬಂದು, ಉಂಡು, ನಗುತ್ತ ಹೋದರು. ಊರಿನ ರೊಟ್ಟಿಯೆಲ್ಲ ಅಂಗಳದಲ್ಲಿಯೇ ಇತ್ತಲ್ಲ.

ಹೊರಡುವಾಗ ಕಾಶಾಬಾಯಿ ಬಾಗಿಲಲ್ಲಿ ತಡೆದು ನಿಂತಳು. "ಅದೆಲ್ಲಾ ಖರೇ ಆಯಿ. ಇನ್ನ ಮುಂದ ಹೊಗಿ ಇಲ್ಲ, ಕೆಮ್ಮು ಇಲ್ಲ. ಮುಂಜಾನಿ ಎದ್ದು ನೀ ಇದ್ದೀಯೋ ಇಲ್ಲೋ ನಮಗ ಹ್ಯಾಂಗ ತಿಳೀಬೇಕು?"

ಅಂಬೂಬಾಯಿ ಅವಳ ಬುಟ್ಟಿ ಅವಳ ಕೈಗಿಟ್ಟು ಕಳಿಸಿದಳು.

ಮರುದಿನ ನಸುಕಿನಲ್ಲಿ ಗೋರಖನಾಥ ನೀರಿನ ಟಾಕಿಯ ಕೆಳಗೆ ಎರಡು ಚಕ್ರಗಳ ನಡುವೆ ನಿಂತು, ಮೇಲಿನ ಓಣಿಯದು ಯಾವುದು ಎಂದು ಎಂದಿನಂತೆ ಯೋಚಿಸುತ್ತಿದ್ದ. ಆಗ ತನ್ನ ಮನೆಯ ಹೊಸ್ತಿಲಿನಿಂದ ಒಂದು ಧ್ವನಿ ಎದ್ದು ಓಣಿ ದಾಟಿ, ಟಾಕಿಯ ತನಕ ಬಂತು. ಸಾವಿನ ಹಾಡಿನ ಅದೇ ಎಳೆತ, ಮಾತು ಮಾತ್ರ ಬೇರೆ.

"ಏ ಕಾಶೀ, ಎದ್ದೀ ಏನವ್ವಾ… ಬಾಬೂ, ಚಾ ಇಟ್ಟೀ ಏನೋ… ಏ ಗೋರಖಾ, ನೀರ ಬಿಟ್ಟೀ ಏನೋ ನನ್ನ ಮಗನ…"

ಎಲ್ಲ ಒಂದೇ ಉಸಿರಿನಲ್ಲಿ. ಗೋರಖನಾಥನಿಗೆ ಕಣ್ಣು ಮಂಜಾದವು, ಚಕ್ರಗಳು ಕಾಣಲಿಲ್ಲ. "ಬಿಟ್ಟೆ ಆಯೀ!" ಎಂದು ಕೂಗಿ, ಕೈಗೆ ಸಿಕ್ಕದ್ದನ್ನು ತಿರುವಿದ, ಎರಡೂ ಸಿಕ್ಕಿದ್ದವು. ಆ ದಿನ ನೀರು ಸಣ್ಣಗೆ ಬಂತು. ಆದರೆ ಎರಡೂ ಓಣಿಗೆ ಬಂತು.